ಹೊಳೆ ಬತ್ತಿದಾಗ ಮೀನು ಎಲ್ಲಿರುತ್ತದೆ?

ಏಪ್ರಿಲ್, ಮೇ ತಿಂಗಳಲ್ಲಿ ಸಿರುಗುಪ್ಪದ ಹತ್ತಿರ ತುಂಗಭದ್ರೆಯನ್ನು ನೋಡಿದವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದೆ ಇರದು. ಮಳೆಗಾಲದಲ್ಲಿ ಕಂಪ್ಲಿಯ ಸೇತುವೆಯನ್ನೇ ಮುಳುಗಿಸಿ ಬಂದ ಹೊಳೆ ಇದೇನಾ ಅನ್ನಿಸುತ್ತದೆ. ಕಣ್ಣು ಹಾಯುವಷ್ಟು ದೂರ ಮರಳು, ಬಿಸಿಲಿಗೆ ಕಾದ ಬಂಡೆ, ನಡುವೆ ಸಣ್ಣದೊಂದು ಹರಿವು, ಅಲ್ಲೊಂದು ಇಲ್ಲೊಂದು ನಿಂತ ನೀರು. ಆದರೆ ಮುಂಗಾರು ಹಿಡಿದು ಹೊಸ ನೀರು ಬಂದರೆ ಸಾಕು, ಕೆಲವೇ ದಿನಗಳಲ್ಲಿ ಹೊಳೆಯ ತುಂಬ ಮೀನು ಓಡಾಡುತ್ತದೆ. ಅಷ್ಟೂ ದಿನ ಈ ಮೀನು ಎಲ್ಲಿತ್ತು? ಬೇಸಿಗೆಯ ಆ ಮೂರು ನಾಲ್ಕು ತಿಂಗಳನ್ನು ಅದು ಹೇಗೆ ಕಳೆಯಿತು?

ನಾನಿರುವ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಮಕ್ಕಳು ಈ ಪ್ರಶ್ನೆ ಕೇಳುವುದುಂಟು. ದೊಡ್ಡವರು ಕೊಡುವ ಉತ್ತರ ಎರಡು. ಒಂದು, ತುಂಗಭದ್ರಾ ಡ್ಯಾಮಿನಿಂದ ನೀರಿನ ಜೊತೆ ಮೀನೂ ಬರುತ್ತದೆ ಎನ್ನುವುದು. ಇನ್ನೊಂದು, ಮಳೆಯ ಜೊತೆ ಬೀಳುತ್ತದೆ ಎನ್ನುವುದು. ಮೊದಲನೆಯದರಲ್ಲಿ ಸ್ವಲ್ಪ ನಿಜವಿದೆ. ಎರಡನೆಯದು ಬರೀ ನಂಬಿಕೆ. ಮೂರನೆಯ ಉತ್ತರವೊಂದಿದೆ, ಅದೇ ಮುಖ್ಯ. ಬಹುಪಾಲು ಮೀನು ಎಲ್ಲಿಗೂ ಹೋಗಿರುವುದಿಲ್ಲ, ಇಲ್ಲೇ ಇರುತ್ತದೆ. ಹೊಳೆಯ ಆಳವಾದ ಮಡುಗಳಲ್ಲಿ, ಬಂಡೆಗಳ ಪೊಟರೆಯಲ್ಲಿ, ಕೆಲವು ಜಾತಿಯವು ಕೆಸರಿನ ಒಳಗೆ, ಜೀವ ಹಿಡಿದುಕೊಂಡು ಮಳೆಗೆ ಕಾಯುತ್ತಿರುತ್ತವೆ. ಈ ಮಾತು ಒಮ್ಮೆ ಮನಸ್ಸಿಗೆ ಹೊಕ್ಕರೆ ಹೊಳೆಯನ್ನು ನಾವು ನೋಡುವ ರೀತಿಯೇ ಬದಲಾಗುತ್ತದೆ.

ಇಂಥ ಪ್ರಶ್ನೆ ನಮ್ಮೂರಿನದಷ್ಟೇ ಅಲ್ಲ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸ್ಟ್ರೈಪ್ಡ್ ಬಾಸ್ ಎಂಬ ಮೀನಿದೆ. ಬೆಳ್ಳಿ ಬಣ್ಣದ ಮೈ, ಪಕ್ಕದಲ್ಲಿ ಉದ್ದಕ್ಕೆ ಏಳೆಂಟು ಕಪ್ಪು ಗೆರೆ. ಇದು ನದಿಯಲ್ಲಿ ಹುಟ್ಟಿ ಸಮುದ್ರದಲ್ಲಿ ಬೆಳೆಯುತ್ತದೆ. ಬೇಸಿಗೆಯಲ್ಲಿ ಉತ್ತರದ ತಂಪು ನೀರಿಗೆ ಏರುತ್ತದೆ, ಚಳಿಗಾಲಕ್ಕೆ ಬಹಳಷ್ಟು ಮೀನು ದಕ್ಷಿಣಕ್ಕೆ, ವರ್ಜೀನಿಯಾ, ಉತ್ತರ ಕೆರೊಲಿನಾ ತೀರದ ಕಡೆಗೆ ಇಳಿಯುತ್ತದೆ. ಆದರೆ ಎಲ್ಲವೂ ಹೋಗುವುದಿಲ್ಲ. ಕೆಲವು ಅಲ್ಲೇ ನದಿಗಳ ಒಳಗೆ, ಅಳಿವೆಗಳ ಆಳದಲ್ಲಿ ಚಳಿಗಾಲ ಕಳೆಯುತ್ತವೆ. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಶುಬೆನಕಾಡಿ ನದಿಯ ಬಾಸ್ ಮೀನುಗಳು ಸಮುದ್ರ ಬಿಟ್ಟು ಸಿಹಿನೀರಿನ ಗ್ರ್ಯಾಂಡ್ ಲೇಕ್ ಸರೋವರ ಸೇರಿಕೊಳ್ಳುತ್ತವೆ, ಮೇಲೆ ಹಿಮ ಗಟ್ಟಿಯಾಗಿದ್ದರೂ ಕೆಳಗಿನ ನೀರಿನಲ್ಲಿ ವಸಂತ ಬರುವವರೆಗೆ ಇರುತ್ತವೆ.

ಸಿಹಿನೀರಿಗೇ ಏಕೆ? ಉಪ್ಪುನೀರು ಹೆಪ್ಪುಗಟ್ಟುವುದು ಸೊನ್ನೆಗಿಂತ ಸುಮಾರು 2 ಡಿಗ್ರಿ ಕೆಳಗೆ. ಇಂಥ ಮೀನಿನ ರಕ್ತ ಅದಕ್ಕಿಂತ ಮೊದಲೇ, ಸೊನ್ನೆಗಿಂತ ಮುಕ್ಕಾಲು ಡಿಗ್ರಿಯಷ್ಟು ಕೆಳಗೆ ಹೋದಾಗಲೇ ಹೆಪ್ಪುಗಟ್ಟುವ ಅಪಾಯವಿದೆ. ಅಂದರೆ ಸಮುದ್ರ ಇನ್ನೂ ನೀರಾಗಿಯೇ ಇರುವಾಗ ಮೀನಿನ ಮೈಯ ರಕ್ತ ಗಡ್ಡೆ ಕಟ್ಟಬಹುದು. ಸಿಹಿನೀರು ಸೊನ್ನೆಗಿಂತ ಕೆಳಗೆ ನೀರಾಗಿ ಇರುವುದಿಲ್ಲ, ಹಾಗಾಗಿ ಹಿಮದ ಅಡಿಯ ಸರೋವರವೇ ಮೀನಿಗೆ ಭದ್ರ ಜಾಗ. ಅಲ್ಲಿ ಅದು ಹೆಚ್ಚು ಓಡಾಡುವುದಿಲ್ಲ, ಹೆಚ್ಚು ತಿನ್ನುವುದೂ ಇಲ್ಲ. ಕಷ್ಟದ ಕಾಲ ಕಳೆಯುವುದಷ್ಟೇ ಅದರ ಕೆಲಸ.

ನಮ್ಮ ಬಳ್ಳಾರಿ ಸೀಮೆಯಲ್ಲಿ ಹಿಮದ ಮಾತೇ ಇಲ್ಲ. ಚಳಿಗಾಲ ನಮ್ಮ ಮೀನಿಗೆ ಅಂಥ ಕಷ್ಟದ ಕಾಲವಲ್ಲ. ನೀರು ಸ್ವಲ್ಪ ತಣ್ಣಗಾದಾಗ ಗೆಂಡೆ, ರೋಹು, ಕಾಟ್ಲಾ ಮೇವು ಕಡಿಮೆ ಮಾಡುತ್ತವೆ, ಅಷ್ಟೇ. ನಮ್ಮ ಹೊಳೆಯ ಪರೀಕ್ಷೆಯ ಕಾಲ ಬೇಸಿಗೆ. ಬಿಸಿಲು 40 ಡಿಗ್ರಿ ದಾಟುತ್ತದೆ, ಡ್ಯಾಮಿನಿಂದ ಹೊಳೆಗೆ ನೀರು ಬಿಡುವುದು ತೀರ ಕಡಿಮೆಯಾಗುತ್ತದೆ, ಕಾಲುವೆ ಬಂದ್ ಆಗುತ್ತದೆ. ಅಲ್ಲಿಯ ಮೀನಿಗೆ ಚಳಿ ಹೇಗೋ ಇಲ್ಲಿಯ ಮೀನಿಗೆ ಬಿಸಿಲು ಹಾಗೆ.

ಬಿಸಿಲು ಮೀನಿಗೆ ಏನು ಮಾಡುತ್ತದೆ? ಮೀನು ಉಸಿರಾಡುವುದು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ಮೈಯೂ ಬಿಸಿಯಾಗುತ್ತದೆ, ಏಕೆಂದರೆ ಅದು ಶೀತರಕ್ತದ ಪ್ರಾಣಿ, ನೀರಿನ ಬಿಸಿಯೇ ಅದರ ಮೈಯ ಬಿಸಿ. ಮೈ ಬಿಸಿಯಾದರೆ ಉಸಿರಿನ ಅಗತ್ಯ ಹೆಚ್ಚುತ್ತದೆ. ಬೇಕಾದದ್ದು ಹೆಚ್ಚು, ಸಿಗುವುದು ಕಡಿಮೆ.

ಇದು ಕಣ್ಣಿಗೆ ಕಾಣುವ ಹೊತ್ತೊಂದಿದೆ, ಬೆಳಗಿನ ಜಾವ. ಬೇಸಿಗೆಯಲ್ಲಿ ಪಾಚಿ ಕಟ್ಟಿದ ಯಾವುದೇ ಕೆರೆಯ ದಡಕ್ಕೆ ಸೂರ್ಯ ಹುಟ್ಟುವ ಮುಂಚೆ ಹೋಗಿ ನಿಂತು ನೋಡಿ. ಮೀನುಗಳು ಗುಂಪು ಗುಂಪಾಗಿ ಮೇಲಕ್ಕೆ ಬಂದು, ಬಾಯನ್ನು ನೀರಿನ ಅಂಚಿಗೆ ತಂದು ತೆರೆದು ಮುಚ್ಚುತ್ತಿರುತ್ತವೆ. ಆಟ ಆಡುತ್ತಿವೆ ಎಂದುಕೊಳ್ಳುತ್ತೇವೆ. ಅವು ಉಸಿರಿಗೆ ಒದ್ದಾಡುತ್ತಿರುತ್ತವೆ. ಹಗಲೆಲ್ಲ ಬೆಳಕು ಕುಡಿದು ಆಮ್ಲಜನಕ ಬಿಟ್ಟ ಅದೇ ಪಾಚಿ, ರಾತ್ರಿ ಬೆಳಕಿಲ್ಲದಾಗ ನೀರಿನಿಂದ ಆಮ್ಲಜನಕ ಎಳೆದುಕೊಳ್ಳುತ್ತದೆ. ಕೋಳಿ ಕೂಗುವ ಹೊತ್ತಿಗೆ ನೀರಿನಲ್ಲಿ ಉಸಿರು ತೀರ ತಗ್ಗಿರುತ್ತದೆ. ಬಿಸಿಲೇರಿ ಪಾಚಿ ಮತ್ತೆ ಕೆಲಸಕ್ಕೆ ಹತ್ತಿದ ಮೇಲೆ ಮೀನುಗಳು ಒಂದೊಂದಾಗಿ ಕೆಳಗಿಳಿಯುತ್ತವೆ.

ಅಮೆರಿಕದ ಆ ಬಾಸ್ ಮೀನನ್ನು ಮತ್ತೆ ನೆನೆಯೋಣ. 1940ರ ದಶಕದಲ್ಲಿ ದಕ್ಷಿಣ ಕೆರೊಲಿನಾದ ಸ್ಯಾಂಟೀ, ಕೂಪರ್ ನದಿಗಳಿಗೆ ಅಣೆಕಟ್ಟು ಕಟ್ಟಿದಾಗ ಸಮುದ್ರಕ್ಕೆ ಹೋಗಲಾರದೆ ಜಲಾಶಯದಲ್ಲೇ ಉಳಿದ ಬಾಸ್ ಅಲ್ಲೇ ಮರಿ ಮಾಡಿ ವಂಶ ಬೆಳೆಸಿತು. ಆಮೇಲೆ ಬೇರೆ ಬೇರೆ ಜಲಾಶಯಗಳಿಗೂ ಅದನ್ನು ಬಿಟ್ಟರು. ಹಲವು ಕಡೆ ಬೇಸಿಗೆಯಲ್ಲಿ ದೊಡ್ಡ ಮೀನುಗಳೇ ಸಾಯತೊಡಗಿದವು. ಟೆನೆಸಿಯ ಓಕ್ ರಿಜ್ ಪ್ರಯೋಗಾಲಯದ ಚಾರ್ಲ್ಸ್ ಕೂಟಂಟ್ 1985ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಜಲಾಶಯದ ಮೇಲಿನ ಪದರದಲ್ಲಿ ಆಮ್ಲಜನಕವಿದೆ, ಆದರೆ ಸಹಿಸಲಾಗದ ಬಿಸಿ. ಕೆಳಗಿನ ಪದರ ತಂಪಾಗಿದೆ, ಆದರೆ ಕೊಳೆತ ಎಲೆ, ಕೆಸರು ಆಮ್ಲಜನಕವನ್ನೆಲ್ಲ ತಿಂದುಬಿಟ್ಟಿರುತ್ತದೆ. ಮಧ್ಯದಲ್ಲಿ ಮೀನು ಬದುಕಬಹುದಾದ ತೆಳ್ಳನೆಯ ಒಂದೇ ಪದರ. ಬೇಸಿಗೆ ಬಲಿತಷ್ಟೂ ಆ ಪದರ ಕಿರಿದಾಗುತ್ತದೆ. ದೊಡ್ಡ ಮೀನು ತಂಪನ್ನೇ ಬೇಡುವುದರಿಂದ ಅದಕ್ಕೇ ಮೊದಲ ಪೆಟ್ಟು. ಬದುಕುಳಿಯುವುದು ಎಲ್ಲಿ? ನೆಲದಿಂದ ತಂಪು ನೀರು ಒಸರುವ ಕಡೆ, ಹಳ್ಳವೊಂದು ಬಂದು ಸೇರುವ ಕಡೆ.

ನಮ್ಮ ಮೀನುಗಳು ಆ ಬಾಸ್‌ಗಿಂತ ಬಿಸಿಲಿಗೆ ಗಟ್ಟಿ. ಆದರೂ ತತ್ವ ಒಂದೇ. ಬೇಸಿಗೆಯಲ್ಲಿ ಹೊಳೆಯ ಎಲ್ಲ ನೀರೂ ಮೀನಿಗೆ ಒಂದೇ ಅಲ್ಲ. ಆಳವಿರುವ, ನೆರಳಿರುವ, ಒರತೆ ಇರುವ ಕೆಲವೇ ಜಾಗಗಳು ಇಡೀ ಹೊಳೆಯ ಮೀನನ್ನು ಉಳಿಸುತ್ತವೆ.

ಇದಕ್ಕೆ ಹೊರತಾದ ಕೆಲವು ಗಟ್ಟಿ ಜೀವಗಳಿವೆ. ಕೊರವ ಮೀನು, ನಮ್ಮ ಮಾರುಕಟ್ಟೆಯಲ್ಲಿ ಬಹಳ ಮಂದಿ ಕೊರಮೀನು ಎನ್ನುವುದು, ಅದರಲ್ಲಿ ಮೊದಲನೆಯದು. ಅಂಗಡಿಯ ತೊಟ್ಟಿಯಲ್ಲಿ ನಾಲ್ಕು ಬೆರಳು ನೀರಿದ್ದರೂ ಅದು ಜೀವಂತ ಇರುವುದನ್ನು ನೀವು ನೋಡಿದ್ದೀರಿ. ಅದರ ತಲೆಯೊಳಗೆ, ಕಿವಿರಿನ ಮೇಲ್ಭಾಗದಲ್ಲಿ, ಗಾಳಿಯನ್ನೇ ನೇರವಾಗಿ ಉಸಿರಾಡುವ ಒಂದು ಗೂಡಿದೆ. ಆಗಾಗ ಮೇಲೆ ಬಂದು ಗಾಳಿ ಗುಟುಕರಿಸದೆ ಅದಕ್ಕೆ ಬದುಕೇ ಇಲ್ಲ, ಬಲೆಯೊಳಗೆ ಸಿಕ್ಕಿ ಮೇಲೆ ಬರಲಾಗದಿದ್ದರೆ ನೀರಿನಲ್ಲೇ ಉಸಿರು ಕಟ್ಟಿ ಸಾಯುತ್ತದೆ. ಕೆರೆ ಒಣಗುತ್ತಾ ಬಂದಂತೆ ಕೊರವ ಕೆಸರಿನ ಒಳಗೆ ಇಳಿಯುತ್ತದೆ. ಮೈಮೇಲಿನ ಲೋಳೆ ಚರ್ಮವನ್ನು ಒಣಗಲು ಬಿಡುವುದಿಲ್ಲ. ಮೇಲಿನ ಮಣ್ಣು ಬಿರುಕು ಬಿಟ್ಟಿದ್ದರೂ ಕೆಳಗೆ ಹಸಿ ಉಳಿದಿರುವ ತನಕ, ತಿನ್ನದೆ, ಅಲುಗಾಡದೆ ತಿಂಗಳುಗಟ್ಟಲೆ ತಡೆಯಬಲ್ಲದು. ಚೇಳುಮೀನು, ಆನೆಮೀನು ಇವಕ್ಕೂ ಗಾಳಿ ಉಸಿರಾಡುವ ಅಂಗಗಳಿವೆ. ಕುರುಗೋಡಿನ ಕಡೆ, ಸಿರುಗುಪ್ಪದ ಕಡೆ ಒಣಗಿದ ಕೆರೆಯ ಹೂಳು ತೆಗೆಯುವಾಗ ಸಲಿಕೆಗೆ ಮೀನು ಸಿಕ್ಕಿತೆಂದು ಯಾರಾದರೂ ಹೇಳಿದರೆ ಅದು ಕಟ್ಟುಕತೆಯಲ್ಲ. ಮೊದಲ ಮಳೆಗೆ ಕೆರೆಯಲ್ಲಿ ಮೀನು ಕಾಣಿಸಿಕೊಂಡಾಗ ಆಕಾಶದಿಂದ ಬಿತ್ತು ಅನ್ನುವ ಮಾತು ಹುಟ್ಟಿದ್ದು ಇದರಿಂದಲೂ ಇರಬಹುದು.

ಆದರೆ ಹೊಳೆಯ ಬಹುತೇಕ ಮೀನುಗಳಿಗೆ ಆ ಸೌಲಭ್ಯ ಇಲ್ಲ. ಗೆಂಡೆಯ ಬಳಗ, ಬಾಳೆಮೀನು, ಬಂಡೆ ಸಂದಿನ ಸಣ್ಣ ಸಣ್ಣ ಮೀನು, ಇವೆಲ್ಲ ನೀರಿನ ಆಮ್ಲಜನಕವನ್ನೇ ನಂಬಿದವು. ಇವಕ್ಕೆ ಮಡುವೇ ಗತಿ.

ಡ್ಯಾಮಿನ ಕೆಳಗೆ ತುಂಗಭದ್ರೆ ಹರಿಯುವ ದಾರಿಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಹೊಸಪೇಟೆಯಿಂದ ಹಂಪಿ, ಆನೆಗೊಂದಿ ದಾಟಿ ಕಂಪ್ಲಿಯವರೆಗೆ ಅದು ಹೆಬ್ಬಂಡೆಗಳ ನಡುವೆ ನುಗ್ಗುತ್ತದೆ. ಸಾವಿರಾರು ವರ್ಷ ನೀರು ಕೊರೆದ ಗುಂಡಿಗಳು, ಬಂಡೆಗಳ ಅಡಿಯ ಗವಿಗಳು, ಬೇಸಿಗೆಯಲ್ಲೂ ತಳ ಕಾಣದ ಮಡುಗಳು ಇರುವುದು ಇಲ್ಲೇ. ಮೀನು ಇರುವ ಕಡೆ ನೀರುನಾಯಿ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ಕರ್ನಾಟಕ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ನೀರುನಾಯಿಗಾಗಿಯೇ ದೇಶದಲ್ಲಿ ಆದ ಮೊದಲ ಸಂರಕ್ಷಿತ ಪ್ರದೇಶ ಅದು. ನೀರುನಾಯಿ ಬದುಕುವುದು ಮೀನು ತಿಂದು. ವರ್ಷದ ಹನ್ನೆರಡು ತಿಂಗಳೂ ಅಲ್ಲಿ ನೀರುನಾಯಿ ಇದೆ ಅಂದರೆ, ಹನ್ನೆರಡು ತಿಂಗಳೂ ಅಲ್ಲಿ ಮೀನಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಂಪ್ಲಿ ದಾಟಿದ ಮೇಲೆ ಹೊಳೆಯ ಸ್ವಭಾವ ಬೇರೆ. ಎರಡೂ ದಡದಲ್ಲಿ ಎರೆಭೂಮಿ, ಭತ್ತದ ಗದ್ದೆ, ಅಗಲವಾದ ಮರಳಿನ ಪಾತ್ರ. ಇಲ್ಲಿ ಬಂಡೆಯ ಮಡು ಕಡಿಮೆ. ವಿಜಯನಗರದ ಕಾಲದ ಸಿರುಗುಪ್ಪ, ದೇಶನೂರು ಕಾಲುವೆಗಳಿಗೆ ನೀರು ತಿರುಗಿಸಲು ಕಟ್ಟಿದ ಅಣೆಗಳ ಹಿಂದೆ ನಿಲ್ಲುವ ನೀರು, ಹೊಳೆ ಬಾಗುವ ಕಡೆ ಕೊರೆದ ಆಳ, ಇವೇ ಮೀನಿನ ಆಸರೆ. ಇದರ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ನೀರಿದೆ, ಮರಳಿನ ಕೆಳಗಿನದು. ಹಗರಿ ಹೊಳೆಯ ಪಾತ್ರದಲ್ಲಿ ಒರತೆ ತೋಡಿ ಕೊಡ ತುಂಬಿಕೊಂಡ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಹೊಳೆ ಬತ್ತಿದರೂ ಮರಳಿನ ಅಡಿಯಲ್ಲಿ ನೀರು ಮೆಲ್ಲಗೆ ಸಾಗುತ್ತಲೇ ಇರುತ್ತದೆ, ತಗ್ಗು ಸಿಕ್ಕ ಕಡೆ ಮಡುವಿನೊಳಕ್ಕೆ ಜಿನುಗುತ್ತದೆ. ಆ ಜಿನುಗು ತಂಪು. ಬಿಸಿಲಲ್ಲಿ ಮಡು ಪೂರ್ತಿ ಕಾಯದೆ ಇರುವುದು ಅದರಿಂದ.

ಈಗ ನಮ್ಮ ಕಾಲಕ್ಕೆ ಬರೋಣ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ನೀರು ನಿಂತಿತು. ಬಳ್ಳಾರಿ ಜಿಲ್ಲೆಯ ಬರದ ನೆಲ ಅದರಿಂದ ಭತ್ತದ ಕಣಜವಾಯಿತು. ನಮ್ಮ ನಗರದ ನಲ್ಲಿಗೆ ನೀರು ಬರುವುದೂ ಆ ನೀರಿನಿಂದಲೇ. ಅಣೆಕಟ್ಟು ಬೇಡವಾಗಿತ್ತು ಎಂದು ಹೇಳುವವರು ಇಲ್ಲಿ ಯಾರೂ ಇಲ್ಲ, ನಾನೂ ಹೇಳುವುದಿಲ್ಲ. ಆದರೆ ಮೀನಿನ ದೃಷ್ಟಿಯಿಂದ ಹೊಳೆ ಅಂದಿನಿಂದ ಎರಡು ತುಂಡಾಯಿತು. ಮಳೆಗಾಲದಲ್ಲಿ ಮೊಟ್ಟೆಯಿಡಲು ಮೇಲಕ್ಕೆ ಹತ್ತುತ್ತಿದ್ದ ಮಹಸೀರ್‌ನಂಥ ಮೀನಿಗೆ ದಾರಿ ಮುಚ್ಚಿತು. ಬೇಸಿಗೆಯಲ್ಲಿ ಕೆಳಗೆ ಇಳಿದುಬರುತ್ತಿದ್ದ ಸಹಜ ಹರಿವೂ ನಿಂತಿತು. ಡ್ಯಾಮಿನ ಕೆಳಗಿನ ಮೀನು ಅಂದಿನಿಂದ ಹೆಚ್ಚು ಹೆಚ್ಚಾಗಿ ಮಡುಗಳನ್ನೇ ನಂಬಬೇಕಾಯಿತು.

ಜಲಾಶಯದೊಳಗೂ ಆಳ ಕರಗುತ್ತಿದೆ. ಕಟ್ಟಿದಾಗ 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದದ್ದು ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. ಇದನ್ನು ನಾವು ನೀರಾವರಿಯ ನಷ್ಟ ಎಂದು ಲೆಕ್ಕ ಹಾಕುತ್ತೇವೆ, ಅದು ಸರಿಯೇ. ಮೀನಿಗೆ ಅದು ಬೇಸಿಗೆಯ ಮನೆಯ ನಷ್ಟ. ತುಂಬಿದಾಗ 378 ಚದರ ಕಿಲೋಮೀಟರ್ ಹರಡುವ ನೀರು ಬೇಸಿಗೆಯಲ್ಲಿ ಕೆಲವೇ ಟಿಎಂಸಿಗೆ ಕುಗ್ಗಿದಾಗ ಅಷ್ಟೂ ಮೀನು ಸ್ವಲ್ಪ ಜಾಗದಲ್ಲಿ ಬಂದು ಸೇರುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯ ತುಂಬಲಿಲ್ಲ, ರೈತರಿಗೆ ಎರಡನೇ ಬೆಳೆಗೆ ನೀರು ಸಿಗಲಿಲ್ಲ. ಅಂಥ ವರ್ಷದ ಬೇಸಿಗೆಯಲ್ಲಿ ಹೊಳೆಯ ಮಡುಗಳ ಬೆಲೆ ನೂರು ಪಟ್ಟು ಹೆಚ್ಚು.

ಹೀಗೆ ಒಂದೆಡೆ ಕೂಡಿದ ಮೀನನ್ನು ಹಿಡಿಯುವುದು ಬಹಳ ಸುಲಭ. ಅಪಾಯ ಇರುವುದು ಅಲ್ಲೇ. ಮಳೆಗಾಲದ ಹೊಳೆಯಲ್ಲಿ ಬೀಸುಬಲೆಗೆ ಸಿಗುವುದು ಹೊಳೆಯ ಮೀನಿನಲ್ಲಿ ಒಂದು ಚೂರು. ಬೇಸಿಗೆಯ ಮಡುವಿನಲ್ಲಿ ದಡದಿಂದ ದಡಕ್ಕೆ ಸಣ್ಣ ಕಣ್ಣಿನ ಬಲೆ ಎಳೆದರೆ ಸಿಗುವುದು ಆ ಸೀಮೆಯ ಮೀನೆಲ್ಲ. ಮಡುವಿಗೆ ವಿಷ ಹಾಕಿದರೆ, ಸಿಡಿಮದ್ದು ಎಸೆದರೆ, ಕರೆಂಟ್ ಬಿಟ್ಟರೆ ಮರಿಯೂ ಉಳಿಯುವುದಿಲ್ಲ. ಬಿತ್ತನೆಗೆ ತೆಗೆದಿಟ್ಟ ಭತ್ತವನ್ನು ಅನ್ನ ಮಾಡಿಕೊಂಡು ಉಂಡ ರೈತನಿಗೆ ಮುಂದಿನ ವರ್ಷ ಗದ್ದೆ ಇದ್ದೂ ಇಲ್ಲದಂತೆ. ಮಡುವಿನ ಮೀನು ಹೊಳೆಯ ಬಿತ್ತನೆ ಬೀಜ.

ವಿಷ, ಸಿಡಿಮದ್ದುಗಳಿಂದ ಮೀನು ಕೊಲ್ಲುವುದು ಇವತ್ತು ನಿನ್ನೆ ಅಪರಾಧವಾದದ್ದಲ್ಲ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಎರಡನ್ನೂ ಹೆಸರು ಹೇಳಿ ನಿಷೇಧಿಸಿತ್ತು. ಕಾನೂನು ಹುಟ್ಟಿ ನೂರ ಇಪ್ಪತ್ತೈದು ವರ್ಷ ದಾಟಿದೆ. ಆದರೆ ಕಾನೂನು ಪ್ರತಿ ಮಡುವಿನ ದಂಡೆಯಲ್ಲೂ ಕಾವಲು ನಿಲ್ಲಲಾರದು. ಅಲ್ಲಿ ಊರೇ ನಿಲ್ಲಬೇಕು.

ಊರು ನಿಂತರೆ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮದೇ ನದಿಯ ಮೇಲ್ದಂಡೆಗೆ ಹೋಗೋಣ. ಶೃಂಗೇರಿಯಲ್ಲಿ ಮಠದ ಎದುರು ತುಂಗೆಯ ಮಡುವಿನಲ್ಲಿ ದೊಡ್ಡ ದೊಡ್ಡ ಮೀನುಗಳು ಮನುಷ್ಯರ ಕೈಯಳತೆಯಲ್ಲಿ ನಿರ್ಭಯವಾಗಿ ಈಜುತ್ತವೆ. ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಯಲ್ಲಿ ಇದೇ ತುಂಗೆಯ ಮಡುವೊಂದು ಮತ್ಸ್ಯಧಾಮವಾಗಿದೆ. ಅಲ್ಲಿ ಯಾರೂ ಬಲೆ ಹಾಕುವುದಿಲ್ಲ. ಭಕ್ತಿಯಿಂದಲೋ ಅಭಿಮಾನದಿಂದಲೋ ಜನ ಮಡುವನ್ನು ಬಿಟ್ಟರು, ಮೀನು ಉಳಿಯಿತು. ಆ ಮಡುಗಳಿಂದ ಮಳೆಗಾಲದಲ್ಲಿ ಮೀನು ಮೇಲಕ್ಕೂ ಕೆಳಕ್ಕೂ ಹರಡುತ್ತದೆ, ಸುತ್ತಲಿನ ಹೊಳೆಯಲ್ಲಿ ಬಲೆ ಬೀಸುವವರಿಗೂ ಅದರ ಪಾಲು ಸಿಗುತ್ತದೆ. ಮೀನು ತಿನ್ನುವವರಿಗೂ ತಿನ್ನದವರಿಗೂ ಸಮನಾಗಿ ಲಾಭವಾಗುವ ಕಟ್ಟಳೆ ಇದು. ತುಂಗೆಯ ಮೇಲ್ದಂಡೆಯಲ್ಲಿ ಸಾಧ್ಯವಾದದ್ದು ತುಂಗಭದ್ರೆಯ ಕೆಳದಂಡೆಯಲ್ಲಿ ಏಕೆ ಆಗಬಾರದು?

ಕಂಪ್ಲಿಯಿಂದ ಸಿರುಗುಪ್ಪದವರೆಗಿನ ಹೊಳೆಸಾಲಿನ ಊರುಗಳಿಗೆ ನನ್ನ ವಿನಂತಿ ಇಷ್ಟು. ಮೊದಲನೆಯದಾಗಿ, ನಿಮ್ಮ ಊರಿನ ಎಲ್ಲೆಯಲ್ಲಿ ಬೇಸಿಗೆಯಲ್ಲೂ ಬತ್ತದ ಮಡು ಯಾವುದು ಎಂದು ಗುರುತಿಸಿ. ನಕ್ಷೆ ಬೇಡ, ಊರಿನ ಗಂಗಾಮತಸ್ಥ ಹಿರಿಯರನ್ನು, ತೆಪ್ಪ ಹಾಕುವವರನ್ನು ಕೇಳಿ. ಯಾವ ಮಡುವಿನಲ್ಲಿ ಗಳ ತಳ ಮುಟ್ಟುವುದಿಲ್ಲ, ಯಾವ ಬಂಡೆಯಡಿ ಬಾಳೆಮೀನು ಕೂತಿರುತ್ತದೆ ಎನ್ನುವುದು ಅವರಿಗೆ ಅಂಗೈ ಗೆರೆಯಷ್ಟು ಗೊತ್ತು. ಎರಡನೆಯದು, ಆ ಒಂದು ಮಡುವನ್ನು ಮಾರ್ಚ್ ತಿಂಗಳಿಂದ ಹೊಸ ನೀರು ಬರುವವರೆಗೆ ಮುಟ್ಟುವುದಿಲ್ಲ ಎಂದು ಗ್ರಾಮಸಭೆಯಲ್ಲಿ ತೀರ್ಮಾನ ಮಾಡಿ. ಉಳಿದ ಹೊಳೆ ಮೀನುಗಾರರಿಗೆ ಇರಲಿ, ಅವರ ಹೊಟ್ಟೆಪಾಡಿಗೆ ಕಲ್ಲು ಹಾಕುವ ಮಾತು ಇದಲ್ಲ. ಮುಂದಿನ ಮಳೆಗಾಲದ ಮೀನು ಮೊದಲು ಸಿಗುವುದು ಅವರಿಗೇ. ಮೂರನೆಯದು, ಆ ಮಡುವಿಗೆ ಪಂಪ್‌ಸೆಟ್ ಪೈಪ್ ಇಳಿಸಿ ಪೂರ್ತಿ ಬರಿದು ಮಾಡಬೇಡಿ. ಅದರ ಅಕ್ಕಪಕ್ಕದ ಮರಳನ್ನು ತೆಗೆಯಲು ಬಿಡಬೇಡಿ, ಮರಳು ಹೋದರೆ ತಂಪು ಜಿನುಗೂ ಹೋಗುತ್ತದೆ. ನಾಲ್ಕನೆಯದು, ಗದ್ದೆಗೆ ಹೊಡೆದು ಉಳಿದ ಔಷಧಿಯ ಡಬ್ಬಿಯನ್ನು ಹೊಳೆಯಲ್ಲಿ ತೊಳೆಯಬೇಡಿ. ಮಳೆಗಾಲದಲ್ಲಿ ಕೊಚ್ಚಿಹೋಗುವ ಹನಿ ಬೇಸಿಗೆಯ ಮಡುವಿನಲ್ಲಿ ಹೋಗಲು ಜಾಗವಿಲ್ಲದೆ ಅಲ್ಲೇ ನಿಲ್ಲುತ್ತದೆ.

ನಗರದಲ್ಲಿರುವ ನಮಗೂ ಕೆಲಸವಿದೆ. ಬೇಸಿಗೆಯಲ್ಲಿ ಮೀನು ಕೊಳ್ಳುವಾಗ ಬೆರಳುದ್ದದ ಗೆಂಡೆ ಮರಿಯ ರಾಶಿ ಕಂಡರೆ ಕೊಳ್ಳಬೇಡಿ. ಮೊಟ್ಟೆ ತುಂಬಿದ ಹೊಳೆ ಮೀನನ್ನು ಜೂನ್, ಜುಲೈ ತಿಂಗಳಲ್ಲಿ ಕೇಳಬೇಡಿ. ಆ ಹೊತ್ತಿಗೆ ಸಾಕಿದ ಕೆರೆ ಮೀನು ಬೇಕಾದಷ್ಟು ಸಿಗುತ್ತದೆ. ಕೊಳ್ಳುವವರಿಲ್ಲದಿದ್ದರೆ ಹಿಡಿಯುವವರೂ ಕಡಿಮೆಯಾಗುತ್ತಾರೆ.

ಹೊಳೆಗೆ ಮೀನು ಪ್ರತಿವರ್ಷ ಹೊಸದಾಗಿ ಬರುತ್ತದೆ ಎಂದು ನಂಬಿದವರಿಗೆ ಅದನ್ನು ಕಾಯಬೇಕೆಂದು ತೋಚುವುದಿಲ್ಲ. ಮೀನು ಇಲ್ಲೇ ಇದೆ, ನಮ್ಮ ಊರಿನ ಮಡುವಿನಲ್ಲೇ ಬೇಸಿಗೆ ಕಳೆಯುತ್ತಿದೆ ಎಂದು ತಿಳಿದವರು ಅದನ್ನು ಕಾಯದೆ ಇರಲಾರರು. ಸಿರುಗುಪ್ಪ, ಕಂಪ್ಲಿ ತಾಲ್ಲೂಕುಗಳ ಹೊಳೆಸಾಲಿನಲ್ಲಿ ಪ್ರತಿ ಊರೂ ಒಂದೊಂದು ಮಡುವನ್ನು ಉಳಿಸಿಕೊಂಡರೆ ಸಾಕು, ಆಚೆ ದಡದ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಊರುಗಳೂ ನಮ್ಮ ಜೊತೆ ಕೈಜೋಡಿಸುತ್ತವೆ ಎಂಬ ನಂಬಿಕೆ ನನಗಿದೆ. ಹೊಳೆ ಎರಡೂ ದಡದವರದು. ಬರುವ ಬೇಸಿಗೆಯ ಗ್ರಾಮಸಭೆಯಲ್ಲಿ ಈ ವಿಷಯವನ್ನು ನೀವೇ ಎತ್ತಬೇಕೆಂದು ಕೇಳಿಕೊಳ್ಳುತ್ತೇನೆ.